ತಾಳೆ ನೋಡುವ ಬಗೆ

ಪರೀಕ್ಷೆ ಮುಗಿಸಿ ಹೊರಬಂದ ವಿದ್ಯಾರ್ಥಿಗಳು ಗುಂಪುಗೂಡಿ ಒಬ್ಬರ ಉತ್ತರವನ್ನು ಮತ್ತೊಬ್ಬರ ಉತ್ತರದೊಡನೆ ತಾಳೆ ನೋಡುವುದು ಎಲ್ಲ ಊರುಗಳಲ್ಲಿಯೂ ಕಂಡುಬರುವ ಸಂಗತಿ. ಚರಿತ್ರೆಯ ಪತ್ರಿಕೆಯಾದರೆ ಈ ತಾಳೆ ಅಷ್ಟು ತೀವ್ರವಾಗುವುದಿಲ್ಲ. ಒಬ್ಬನು ಒಂದು ಪುಟ ಬರೆದಿರುತ್ತಾನೆ, ಇನ್ನೊಬ್ಬನು ಒಂದೂವರೆ ಪುಟ, ಇಬ್ಬರೂ ಸಮಾಧಾನದಿಂದ ಮನೆಗೆ ಹೋಗುತ್ತಾರೆ. ಸಂಖ್ಯಾಶಾಸ್ತ್ರದ ಪತ್ರಿಕೆಯ ದಿನ ಹಾಗಲ್ಲ. ಅಂದು ಸಂಖ್ಯೆಯೇ ಬಂದು ಎದುರಿಗೆ ನಿಲ್ಲುತ್ತದೆ. ಅದು ಹೊಂದಿದರೆ ಹರ್ಷ, ಹೊಂದದಿದ್ದರೆ ಎದೆಯಲ್ಲಿ ಕಲ್ಲು. ಗೃಹಸ್ಥರಾದ ಭಕ್ತರು ಈ ಗಳಿಗೆಯನ್ನು ಹುಡುಗಾಟಿಕೆಯೆಂದು ಭಾವಿಸಿ ಕಡೆಗಣಿಸುವುದೇ ಹೆಚ್ಚು. ಆದರೆ ಮನುಷ್ಯನು ತನ್ನ ತಪ್ಪನ್ನು ಹೇಗೆ ಕಾಣುತ್ತಾನೆ, ಪರರ ಸರಿಯನ್ನು ಹೇಗೆ ಸಹಿಸುತ್ತಾನೆ, ತನ್ನದಲ್ಲದ ಹೊಗಳಿಕೆಯನ್ನು ಹೇಗೆ ಹೊರುತ್ತಾನೆ ಎಂಬುದೆಲ್ಲವೂ ಆ ಅರ್ಧ ಗಂಟೆಯಲ್ಲಿ ಬಯಲಾಗುತ್ತದೆ.

ಕಾವೇರಿಯ ದಡದ ಹೆಮ್ಮಿಗೆಯಿಂದ ತಿರುಮಕೂಡಲು ನರಸೀಪುರಕ್ಕೆ ಹೋಗಿ ದ್ವಿತೀಯ ಪಿ.ಯು.ಸಿ. ಪರೀಕ್ಷೆ ಬರೆದು ಬರುವ ನಾಲ್ವರನ್ನು ದೃಷ್ಟಾಂತಕ್ಕಾಗಿ ಭಾವಿಸಿಕೊಳ್ಳಬಹುದು. ಮೂವರು ಹುಡುಗರು, ಒಬ್ಬ ಹುಡುಗಿ. ಮನೆಮನೆಯಲ್ಲಿಯೂ ಗದ್ದೆ, ಎತ್ತು, ಸಾಲ, ಸೊಸೈಟಿಯ ಗೊಬ್ಬರ ಇವೇ ಚಿಂತೆ. ಮಾಧವಮಂತ್ರಿ ಕಟ್ಟೆಯ ನೀರು ಎಂದು ಬಿಡುತ್ತಾರೆಂಬುದು ಅಲ್ಲಿಯ ಹಿರಿಯರಿಗೆ ಎಷ್ಟು ಮುಖ್ಯವೋ ಆ ವರ್ಷ ಮಕ್ಕಳ ಪರೀಕ್ಷೆಯೂ ಅಷ್ಟೇ ಮುಖ್ಯ.

ಪ್ರಶ್ನೆ ಇಂತಿತ್ತೆಂದು ಇಟ್ಟುಕೊಳ್ಳೋಣ. ಒಂದು ಅಕ್ಕಿ ಗಿರಣಿಯವರು ತಮ್ಮ ಚೀಲದ ಸರಾಸರಿ ತೂಕ 25 ಕಿಲೋ ಎನ್ನುತ್ತಾರೆ. 64 ಚೀಲಗಳನ್ನು ತೂಗಿ ನೋಡಿದಾಗ ಸರಾಸರಿ 24.75 ಕಿಲೋ ಬಂದಿತು. ಮಾನಕ ವಿಚಲನೆ 0.8 ಕಿಲೋ. ಶೇಕಡಾ 1ರ ಮಟ್ಟದಲ್ಲಿ ಗಿರಣಿಯವರ ಮಾತನ್ನು ಒಪ್ಪಬಹುದೆ?

ಬಸ್ಸಿಗಾಗಿ ಕಾಯುತ್ತ ಮರದ ನೆರಳಿನಲ್ಲಿ ನಿಂತಾಗ ಮೊದಲು ಬಾಯಿ ತೆರೆದವನು ತರಗತಿಯಲ್ಲಿ ಪ್ರಥಮನೆನಿಸಿದ ಹುಡುಗ. “ನನಗೆ ಇಪ್ಪತ್ತು ಬಂತು. ಗಿರಣಿಯವರ ಮಾತು ತಳ್ಳಿಹಾಕಿದೆ” ಎಂದನು. ಎರಡನೆಯವನು, “ನನಗೆ ಎರಡೂವರೆ ಬಂತು, ಆದರೂ ತಳ್ಳಿಹಾಕಿದ್ದೇನೆ” ಎಂದನು. ಹುಡುಗಿ ಅಳುಕುತ್ತ, “ನನಗೂ ಎರಡೂವರೆಯೇ. ಆದರೆ ಒಪ್ಪಬಹುದೆಂದು ಬರೆದಿದ್ದೇನೆ” ಎಂದಳು. “ಇಬ್ಬರು ತಳ್ಳಿಹಾಕಿದ್ದೇವೆ, ನಿನ್ನದೇ ತಪ್ಪಿರಬೇಕು” ಎಂದು ಪ್ರಥಮನು ತೀರ್ಪಿತ್ತನು. ಆಕೆಯ ಮುಖ ಬಾಡಿತು. ಮೂರು ಗಂಟೆ ತಾನೇ ಕುಳಿತು ಮಾಡಿದ ಲೆಕ್ಕವನ್ನು ಒಂದು ಮಾತಿಗೆ ಆಕೆ ಮನಸ್ಸಿನಲ್ಲಿ ಅಳಿಸಿಹಾಕಿದಳು.

ಇಲ್ಲಿ ತುಸು ನಿಲ್ಲಬೇಕು. ಆಕೆಯ ಉತ್ತರವನ್ನು ಸುಳ್ಳಾಗಿಸಿದ್ದು ಯಾವುದು? ಯುಕ್ತಿಯಲ್ಲ, ಸೂತ್ರವಲ್ಲ, ಹೇಳಿದವನ ಹೆಸರು, ಅವನ ಹಿಂದೆ ನಿಂತವರ ಎಣಿಕೆ. ಎಣಿಕೆಯ ಶಾಸ್ತ್ರವನ್ನೇ ಓದಿ ಬಂದ ಮಕ್ಕಳು ತಲೆಗಳನ್ನು ಎಣಿಸಿ ಸತ್ಯವನ್ನು ನಿರ್ಣಯಿಸಿದ್ದು ವಿಚಿತ್ರವೇ ಸರಿ. ದೊಡ್ಡವರಾದ ಮೇಲೂ ಈ ಅಭ್ಯಾಸ ಬಿಡುವುದಿಲ್ಲ. ಪಂಚಾಯಿತಿಯ ಕಟ್ಟೆಯ ಮೇಲೆ, ಮದುವೆಯ ಮಾತುಕತೆಯಲ್ಲಿ, ದಾಯಾದಿಗಳ ಪಾಲಿನಲ್ಲಿ, ನಾಲ್ಕು ಜನ ಹೇಳಿದರೆಂದು ತನ್ನ ಕಣ್ಣು ಕಂಡುದನ್ನು ಬಿಟ್ಟುಕೊಟ್ಟವರು ಎಷ್ಟು ಮಂದಿ!

ಹುಡುಗಿಗೆ ಎಲ್ಲಿಂದಲೋ ಧೈರ್ಯ ಬಂದು ಪ್ರಶ್ನೆಪತ್ರಿಕೆಯನ್ನು ಬಿಚ್ಚಿದಳು. ಶೇಕಡಾ 1 ಎಂದೇ ಅಚ್ಚಾಗಿತ್ತು. ಶೇಕಡಾ 5ರ ಮಟ್ಟಕ್ಕೆ ಗಡಿಸಂಖ್ಯೆ 1.96; ಶೇಕಡಾ 1ಕ್ಕೆ 2.58. ಎರಡೂವರೆಯೆಂಬುದು ಮೊದಲನೆಯ ಗಡಿಯನ್ನು ದಾಟುತ್ತದೆ, ಎರಡನೆಯದರ ಒಳಗೇ ಉಳಿಯುತ್ತದೆ. ಎರಡನೆಯ ಹುಡುಗನು ಲೆಕ್ಕವನ್ನು ಸರಿಯಾಗಿ ಮಾಡಿ ಪ್ರಶ್ನೆಯನ್ನು ಅವಸರದಲ್ಲಿ ಓದಿದ್ದನು. ಒಂದೇ ಚೀಲ, ಒಂದೇ ತಕ್ಕಡಿ, ಒಂದೇ ಸಂಖ್ಯೆ; ಆದರೂ ತೀರ್ಪು ಎರಡು.

ಇದರ ಮರ್ಮವನ್ನು ಗೃಹಸ್ಥರೂ ತಿಳಿಯುವುದು ಒಳ್ಳೆಯದು. ಒಬ್ಬನ ಮಾತನ್ನು ಸುಳ್ಳೆಂದು ತಳ್ಳುವ ಮೊದಲು ಎಷ್ಟು ಬಲವಾದ ಸಾಕ್ಷ್ಯ ಬೇಕೆಂಬುದನ್ನು ಆ ಮಟ್ಟವು ಹೇಳುತ್ತದೆ. ಶೇಕಡಾ 5 ಎಂದರೆ, ಗಿರಣಿಯವರು ನಿಜವನ್ನೇ ಹೇಳುತ್ತಿದ್ದರೂ ತೂಗಲು ಸಿಕ್ಕ ಚೀಲಗಳ ಆಕಸ್ಮಿಕದಿಂದ ನೂರರಲ್ಲಿ ಐದು ಸಲ ಅವರನ್ನು ಸುಳ್ಳರೆಂದು ಕರೆಯುವ ಅಪಾಯಕ್ಕೆ ಒಪ್ಪಿಕೊಂಡಂತೆ. ಶೇಕಡಾ 1 ಎಂದರೆ ಆ ಅಪಾಯವನ್ನು ನೂರರಲ್ಲಿ ಒಂದಕ್ಕೆ ಇಳಿಸಿಕೊಂಡಂತೆ. ಸತ್ಯವನ್ನು ತಳ್ಳಿಹಾಕುವುದು ಮೊದಲನೆಯ ಬಗೆಯ ದೋಷ, ಸುಳ್ಳನ್ನು ಒಪ್ಪಿಕೊಳ್ಳುವುದು ಎರಡನೆಯ ಬಗೆಯ ದೋಷ ಎಂದು ಈ ಶಾಸ್ತ್ರದಲ್ಲಿ ವಿಭಾಗವುಂಟು. ನೇಮನ್ ಮತ್ತು ಈಗನ್ ಪಿಯರ್ಸನ್ ಎಂಬ ವಿದ್ವಾಂಸರು ಇಪ್ಪತ್ತನೆಯ ಶತಮಾನದ ಪೂರ್ವಾರ್ಧದಲ್ಲಿ ಇದನ್ನು ಕ್ರಮಪಡಿಸಿದರು. ಕೈಯಲ್ಲಿರುವ ಚೀಲಗಳ ಸಂಖ್ಯೆ ಅಷ್ಟೇ ಇರುವಾಗ ಒಂದು ದೋಷವನ್ನು ಕಡಿಮೆ ಮಾಡಹೊರಟರೆ ಮತ್ತೊಂದು ಹೆಚ್ಚುತ್ತದೆ. ಆದುದರಿಂದ ಇಲ್ಲಿ ‘ಒಪ್ಪಬಹುದು’ ಎಂಬ ಮಾತಿಗೆ ‘ಗಿರಣಿಯವರು ಸತ್ಯವಂತರೆಂದು ಸಿದ್ಧವಾಯಿತು’ ಎಂದು ಅರ್ಥವಲ್ಲ. ತಳ್ಳಿಹಾಕುವಷ್ಟು ಸಾಕ್ಷ್ಯ ದೊರೆಯಲಿಲ್ಲವೆಂದಷ್ಟೇ. ಪರೀಕ್ಷಿಸಲು ಮುಂದಿಟ್ಟ ಮಾತಿಗೆ ಈ ಶಾಸ್ತ್ರದವರು ಶೂನ್ಯ ಪ್ರಾಕ್ಕಲ್ಪನೆಯೆಂಬ ಹೆಸರಿಟ್ಟಿದ್ದಾರೆ. ಹೆಸರಿನ ಸಾಮ್ಯಕ್ಕೆ ಮರುಳಾಗಿ ಇದನ್ನು ಅಲ್ಲಮಪ್ರಭುಗಳ ಶೂನ್ಯತತ್ತ್ವದೊಡನೆ ಬೆರೆಸಿ ಪಾಂಡಿತ್ಯ ಮೆರೆಯುವುದು ತಕ್ಕುದಲ್ಲ. ಅದು ಬೇರೆ, ಇದು ಬೇರೆ.

ಮನೆಯಲ್ಲಿ ನಡೆಯುವುದನ್ನು ನೋಡಿದರೆ ಮೊದಲನೆಯ ಬಗೆಯ ದೋಷವೇ ಅಧಿಕ. ಒಂದು ಪತ್ರಿಕೆ ಕೆಟ್ಟಿತೆಂದರೆ ಸಾಕು, “ನಿನ್ನಿಂದ ಏನೂ ಆಗದು” ಎಂದು ತಂದೆ ಹೇಳಿಬಿಡುತ್ತಾನೆ. ಹದಿನೇಳು ವರ್ಷ ಕಣ್ಣೆದುರಿಗೆ ಬೆಳೆದ ಮಗುವನ್ನು ಒಂದು ಮಧ್ಯಾಹ್ನದ ಸಾಕ್ಷ್ಯದಿಂದ ತಳ್ಳಿಹಾಕುವ ಆ ತೀರ್ಪು ಯಾವ ಮಟ್ಟದ್ದು? ಅಕ್ಕಿಯ ಚೀಲಕ್ಕಾದರೂ ಅರುವತ್ತನಾಲ್ಕು ಸಲ ತೂಗುವ ನ್ಯಾಯ ದೊರೆಯಿತು. ಮಗುವನ್ನು ತೂಗಿದ್ದು ಒಂದೇ ಸಲ. ನೆರೆಮನೆಯವರ ಮಗನಿಗೆ ಎಷ್ಟು ಬಂದಿತೆಂದು ಕೇಳುವುದೂ ತಾಳೆಯೇ, ಅದರಲ್ಲಿಯೂ ಕೀಳಾದ ತಾಳೆ. ಅದರಿಂದ ಯಾವ ಲೆಕ್ಕದ ಯಾವ ಹೆಜ್ಜೆಯಲ್ಲಿ ತಪ್ಪಿತೆಂಬುದು ತಿಳಿಯುವುದಿಲ್ಲ. ತಿಳಿಯುವುದು ನೋವು ಮಾತ್ರ. ತರಗತಿಯ ಸರಾಸರಿಗಿಂತ ಮೇಲೆಯೋ ಕೆಳಗೆಯೋ ಎಂದು ವಿಚಾರಿಸುವವರೂ ಇದ್ದಾರೆ. ತಲಕಾಡಿನ ಸೀಮೆಯವರಿಗೆ ಸರಾಸರಿಯ ಮಿತಿಯನ್ನು ಬೇರೆ ಹೇಳಬೇಕಾಗಿಲ್ಲ. ಕಾವೇರಿಯ ಸರಾಸರಿ ಆಳ ಮೊಣಕಾಲಿನಷ್ಟೆಂದು ಯಾರಾದರೂ ಲೆಕ್ಕ ಹಾಕಿ ತೋರಿಸಿದರೆ, ಮಾಲಂಗಿಯ ಮಡುವನ್ನು ಬಲ್ಲವನು ನಕ್ಕು ದೋಣಿಯನ್ನೇ ಹತ್ತುತ್ತಾನೆ.

ಇರಲಿ. ಪ್ರಶ್ನೆಪತ್ರಿಕೆ ಕೈಯಿಂದ ಕೈಗೆ ಹೋಗುವಾಗ ಪ್ರಥಮನೆನಿಸಿದ ಹುಡುಗನು ಒಂದು ಕಡ್ಡಿಯಿಂದ ಮಣ್ಣಿನ ಮೇಲೆ ಲೆಕ್ಕವನ್ನು ಮತ್ತೆ ಬರೆದನು. 25ರಿಂದ 24.75 ಕಳೆದರೆ 0.25. ಅದನ್ನು ಯಾವುದರಿಂದ ಭಾಗಿಸಬೇಕು? 0.8ನ್ನು 64ರ ವರ್ಗಮೂಲವಾದ 8ರಿಂದ ಭಾಗಿಸಿ ಬಂದ 0.1ರಿಂದ. ಅವನು ವರ್ಗಮೂಲವನ್ನು ಮರೆತು 64ರಿಂದಲೇ ಭಾಗಿಸಿದ್ದನು, ಆದುದರಿಂದಲೇ ಇಪ್ಪತ್ತು. ಕಡ್ಡಿ ಹಿಡಿದ ಕೈ ಅಲ್ಲಿಯೇ ನಿಂತಿತು. ಕ್ಷಣಕಾಲ ಯಾರೂ ಮಾತನಾಡಲಿಲ್ಲ. ಬಳಿಕ ಅವನು ತಲೆಯೆತ್ತಿ, “ವರ್ಗಮೂಲ ಬಿಟ್ಟೆ. ಅಷ್ಟು ದೊಡ್ಡ ಸಂಖ್ಯೆ ಬಂದಾಗಲೇ ಅನುಮಾನಪಡಬೇಕಾಗಿತ್ತು. ನಿನ್ನದೇ ಸರಿ” ಎಂದು ಹುಡುಗಿಗೆ ಹೇಳಿದನು. ಸೂತ್ರ ಬರೆದುದಕ್ಕೆ, ಮೊದಲ ಹೆಜ್ಜೆಗಳಿಗೆ ಅವನಿಗೆ ಕೆಲವು ಅಂಕಗಳು ಬರಬಹುದು, ಉಳಿದವು ಹೋದಂತೆಯೇ. ಆದರೆ ಮುಂದೆಂದೂ ಅವನು ಆ ವರ್ಗಮೂಲವನ್ನು ಬಿಡಲಾರನು. ತಾಳೆ ನೋಡಿದ್ದರಿಂದ ನಾಲ್ವರಲ್ಲಿ ಹೆಚ್ಚು ಪ್ರಯೋಜನ ಪಡೆದವನು ಅವನೇ.

ಅನುಭವಮಂಟಪದ ವಿಚಾರವನ್ನು ಬಲ್ಲವರಿಗೆ ಈ ದೃಶ್ಯ ಅಪರಿಚಿತವೆನಿಸದು. ಅಲ್ಲಿ ನಡೆದುದೂ ಒಂದು ಬಗೆಯ ತಾಳೆಯೇ ಅಲ್ಲವೆ? ಒಬ್ಬ ಶರಣನು ತನ್ನ ಅನುಭವವನ್ನು ಮುಂದಿಡುವನು, ಮತ್ತೊಬ್ಬನು ಅದನ್ನು ಒರೆಗೆ ಹಚ್ಚುವನು. ಉಡುತಡಿಯಿಂದ ಅಷ್ಟು ದೂರ ನಡೆದು ಕಲ್ಯಾಣಕ್ಕೆ ಬಂದ ಅಕ್ಕಮಹಾದೇವಿಯನ್ನು ಪ್ರಭುದೇವರು ಹೊಗಳಿ ಬರಮಾಡಿಕೊಳ್ಳಲಿಲ್ಲ. ಕಠಿನವಾದ ಪ್ರಶ್ನೆಗಳನ್ನು ಕೇಳಿದರೆಂದು ಶೂನ್ಯಸಂಪಾದನೆ ನಿರೂಪಿಸುತ್ತದೆ. ಆಕೆ ಪ್ರಭುವಿನ ಹಿರಿಮೆಗೆ ಹೆದರಿ ತನ್ನ ಉತ್ತರವನ್ನು ಬದಲಿಸಲಿಲ್ಲ, ಪ್ರಶ್ನೆಗೆ ಸಿಟ್ಟಾಗಲೂ ಇಲ್ಲ. ಕೇಳುವವನಿಗೂ ಹೇಳುವವಳಿಗೂ ನಡುವೆ ಇದ್ದುದು ಸತ್ಯವೊಂದೇ. ಯಾರು ಮೇಲೆಂಬ ಮಾತು ಅಲ್ಲಿ ಏಳಲಿಲ್ಲ. ಮರದ ಕೆಳಗಿನ ಮಕ್ಕಳಿಂದ ಅಷ್ಟನ್ನು ನಿರೀಕ್ಷಿಸುವುದು ಅತಿಯಾದೀತು. ಆದರೂ “ನಿನ್ನದೇ ಸರಿ” ಎಂಬ ಮೂರಕ್ಷರಕ್ಕಿಂತ ಸ್ವಲ್ಪ ಹೆಚ್ಚಾದ ಆ ಮಾತು ಆ ದಾರಿಯದೇ.

ತಿಳಿಯದುದನ್ನು ತಿಳಿಯದೆಂದು ಒಪ್ಪುವ ಗುಣಕ್ಕೆ ಈ ಶಾಸ್ತ್ರದಲ್ಲಿಯೇ ಕನ್ನಡನಾಡಿಗೆ ಸಂಬಂಧಪಟ್ಟ ಒಂದು ಉಜ್ವಲ ನಿದರ್ಶನವುಂಟು. ಬಳ್ಳಾರಿ ಸೀಮೆಯ, ಈಗ ವಿಜಯನಗರ ಜಿಲ್ಲೆಗೆ ಸೇರಿದ ಹೂವಿನಹಡಗಲಿಯಲ್ಲಿ 1920ರಲ್ಲಿ ತೆಲುಗು ಮನೆಮಾತಿನ ಕುಟುಂಬವೊಂದರಲ್ಲಿ ಹುಟ್ಟಿದ ಸಿ. ಆರ್. ರಾವ್ ಅವರು ಕಲ್ಕತ್ತೆಯಲ್ಲಿ ಸಂಖ್ಯಾಶಾಸ್ತ್ರವನ್ನು ಓದಿ ಅಲ್ಲಿಯೇ ಅಧ್ಯಾಪಕರಾದರು. ಇನ್ನೂ ಇಪ್ಪತ್ತನಾಲ್ಕರ ತರುಣ. ಒಂದು ದಿನ ಫಿಷರ್ ಎಂಬ ಮಹಾಪಂಡಿತನ ಫಲಿತವೊಂದನ್ನು ಬೋಧಿಸುತ್ತಿರುವಾಗ ಒಬ್ಬ ವಿದ್ಯಾರ್ಥಿ ಎದ್ದು, ಇದು ಮಾದರಿಯ ಗಾತ್ರ ಬಹಳ ದೊಡ್ಡದಾದಾಗಿನ ಮಾತಾಯಿತು, ಸಣ್ಣ ಮಾದರಿಗೆ ಇಂಥದೊಂದು ಫಲಿತವನ್ನು ಸಾಧಿಸಲಾಗದೆ ಎಂದು ಕೇಳಿದನು. ಆ ವಿದ್ಯಾರ್ಥಿ ಮುಂದೆ ಅರ್ಥಶಾಸ್ತ್ರಜ್ಞರಾಗಿ ಹೆಸರಾದ ವಿ. ಎಂ. ದಾಂಡೇಕರ್. ಅಧ್ಯಾಪಕರ ಬಳಿ ಉತ್ತರವಿರಲಿಲ್ಲ. ಯಾವ ಪುಸ್ತಕದಲ್ಲಿಯೂ ಇರದ ಉತ್ತರವನ್ನು ಯಾವುದರೊಡನೆ ತಾಳೆ ನೋಡುವುದು? ಅವರು ಪ್ರಶ್ನೆಯನ್ನು ಗದರಿಸಿ ಕೂರಿಸಲಿಲ್ಲ. ರಾತ್ರಿಯೆಲ್ಲ ಕುಳಿತು ಸಾಧಿಸಿ ಮರುದಿನ ತರಗತಿಗೆ ತಂದರು. 1945ರಲ್ಲಿ ಅದು ಪ್ರಕಟವಾಯಿತು. ಮರುವರ್ಷ ಸ್ವೀಡನ್ನಿನ ಕ್ರಾಮೆರ್ ಎಂಬವರೂ ಸ್ವತಂತ್ರವಾಗಿ ಅದನ್ನೇ ಕಂಡುಕೊಂಡುದರಿಂದ ಇಬ್ಬರ ಹೆಸರಿನಲ್ಲಿಯೂ ಅದು ಲೋಕಪ್ರಸಿದ್ಧವಾಗಿದೆ. 2023ರಲ್ಲಿ, ಅವರ 102ನೆಯ ವಯಸ್ಸಿನಲ್ಲಿ, ಸಂಖ್ಯಾಶಾಸ್ತ್ರದ ಅಂತರರಾಷ್ಟ್ರೀಯ ಪ್ರಶಸ್ತಿ ಅವರಿಗೆ ಸಂದಿತು. ಅದೇ ವರ್ಷ ಆಗಸ್ಟ್ ತಿಂಗಳಿನಲ್ಲಿ ತೀರಿಕೊಂಡರು. ಆ ಫಲಿತದ ತಾತ್ಪರ್ಯವೂ ಸ್ವಾರಸ್ಯಕರ. ಕೈಯಲ್ಲಿರುವ ಮಾಹಿತಿ ಇಷ್ಟೆಂದಾದರೆ, ಪಕ್ಷಪಾತವಿಲ್ಲದ ಯಾವ ಅಂದಾಜೂ ಒಂದು ಗೊತ್ತಾದ ಮಿತಿಯನ್ನು ಮೀರಿ ನಿಖರವಾಗಲಾರದು. ಎಂಥ ಜಾಣನಾದರೂ ಆ ಮಿತಿಗೆ ತಲೆಬಾಗಲೇಬೇಕು. ಒಂದು ಪತ್ರಿಕೆಯಿಂದ ಮಗುವಿನ ಭವಿಷ್ಯವನ್ನು ಓದಬಲ್ಲೆವೆನ್ನುವ ಹಿರಿಯರು ಇದನ್ನು ಗಮನಿಸಬಹುದು.

ಈಗ ನಾಲ್ಕನೆಯ ಹುಡುಗನ ವಿಚಾರ. ಇಷ್ಟು ಹೊತ್ತೂ ಅವನು ಮಾತನಾಡಿರಲಿಲ್ಲ. “ನಿನ್ನದು ಏನು ಬಂತು?” ಎಂದು ಕೇಳಿದಾಗ, “ಎರಡೂವರೆ. ಒಪ್ಪಬಹುದು ಎಂದು ಬರೆದೆ” ಎಂದನು. ಮಿಕ್ಕವರು ಬೆರಗಾದರು. ಲೆಕ್ಕದಲ್ಲಿ ಯಾವಾಗಲೂ ಹಿಂದೆ ಬೀಳುವವನು ಪ್ರಥಮನನ್ನೂ ಮೀರಿಸಿದ್ದನು! ಬೆನ್ನು ತಟ್ಟಿದರು. “ಮಳ್ಳನ ಹಾಗಿದ್ದು ಎಲ್ಲ ಓದಿಕೊಂಡಿದ್ದಾನೆ” ಎಂದು ನಕ್ಕರು. ಅವನೂ ನಕ್ಕನು. ಅಷ್ಟರಲ್ಲಿ ಹುಡುಗಿ ಏನೋ ನೆನೆದು, “ಅಯ್ಯೋ, ಎರಡನೆಯ ಸಾಲಿನಲ್ಲಿ 24.75 ಅನ್ನುವುದನ್ನು 24.57 ಎಂದು ತಿರುವಿ ಬರೆದುಬಿಟ್ಟೆ. ಮುಂದಿನ ಸಾಲಿನಲ್ಲಿ ಸರಿಯಾಗಿದೆ. ಅದಕ್ಕೆ ಅಂಕ ಕಳೆಯುತ್ತಾರೋ ಏನೋ” ಎಂದಳು.

ನಾಲ್ಕನೆಯವನ ನಗು ನಿಂತಿತು. ಅವನ ಹಾಳೆಯಲ್ಲಿಯೂ ಎರಡನೆಯ ಸಾಲಿನಲ್ಲಿ 24.57 ಎಂದೇ ಇದ್ದಿತು. ಪರೀಕ್ಷಾಕೊಠಡಿಯಲ್ಲಿ ಅವನ ಸ್ಥಳ ಆಕೆಯ ಹಿಂದಿನ ಓರೆಯಲ್ಲಿ.

ಇದು ಯಾರಿಗೂ ಗೊತ್ತಿಲ್ಲ. ಆಕೆಗೂ ಗೊತ್ತಿಲ್ಲ. ಮೌಲ್ಯಮಾಪಕರು ಸಾವಿರಾರು ಹಾಳೆಗಳ ನಡುವೆ ಇದನ್ನು ಗುರುತಿಸುವುದೂ ಸಂದೇಹ. ಫಲಿತಾಂಶ ಬಂದ ಮೇಲೆ ಉತ್ತರಪತ್ರಿಕೆಯ ಪ್ರತಿ ಪಡೆಯಲು, ಮರು ಎಣಿಕೆ ಮಾಡಿಸಲು, ಮರು ಮೌಲ್ಯಮಾಪನಕ್ಕೆ ಅರ್ಜಿ ಹಾಕಲು ಏರ್ಪಾಡುಗಳುಂಟು. 2024ರಿಂದ ಮಂಡಲಿಯವರು ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳನ್ನು ನಡೆಸಿ, ಬಿದ್ದವರಿಗೂ ಹೆಚ್ಚಿಗೆ ಬೇಕೆನ್ನುವವರಿಗೂ ಮತ್ತೆ ಬರೆಯುವ ಅವಕಾಶವಿತ್ತಿದ್ದಾರೆ. ಕಡಿಮೆ ಬಂದುದನ್ನು ಹೆಚ್ಚಿಸಿಕೊಳ್ಳಲು ದಾರಿಗಳು ಇಷ್ಟು. ತನಗೆ ಸಲ್ಲದೆ ಹೆಚ್ಚು ಬಂದುದನ್ನು ಹಿಂದಿರುಗಿಸಲು ಯಾರು ಅರ್ಜಿ ಹಾಕುತ್ತಾರೆ?

ಆಯ್ದಕ್ಕಿ ಮಾರಯ್ಯನವರ ಮನೆಯಲ್ಲಿ ಒಬ್ಬರು ಹಾಗೆ ಕೇಳಿದರು. ಮಹಾಮನೆಯ ಅಂಗಳದಲ್ಲಿ ಬಿದ್ದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುವುದು ಆ ದಂಪತಿಗಳ ಕಾಯಕ. ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ಬಂದಿತು. ಕದ್ದುದಲ್ಲ, ನೆಲದ ಮೇಲೆ ಬಿದ್ದಿದ್ದನ್ನೇ ಆಯ್ದದ್ದು. ಆದರೂ ಲಕ್ಕಮ್ಮನವರು ಅದನ್ನು ಕಂಡು ಸಂತೋಷಪಡಲಿಲ್ಲ. ಇದು ನಮ್ಮ ಎಂದಿನ ಅಳತೆಯಲ್ಲ, ಮಿಕ್ಕುದನ್ನು ಅಲ್ಲಿಯೇ ಸುರಿದು ಬನ್ನಿ ಎಂದು ಗಂಡನನ್ನು ಹಿಂದಕ್ಕೆ ಕಳುಹಿದರು. ಆಕೆಗೆ ತಕ್ಕಡಿ ಬೇಕಾಗಲಿಲ್ಲ; ಮಡಿಲಿನ ಭಾರವನ್ನು ಕಂಡೇ ತಿಳಿದರು. ಬಡತನದ ಮನೆಯಲ್ಲಿ ಒಂದು ಸೇರು ಹೆಚ್ಚು ಅಕ್ಕಿಯನ್ನು ಹಿಂದಕ್ಕೆ ಕಳುಹುವುದು ಎಂಥ ಕಷ್ಟದ ಕೆಲಸವೆಂಬುದನ್ನು ಹೊಟ್ಟೆ ತುಂಬಿದವರು ಬಾಯಲ್ಲಿ ಹೇಳಿ ಮುಗಿಸುತ್ತಾರೆ. ಲಕ್ಕಮ್ಮನವರು ಒಲೆಯ ಮುಂದೆ ನಿಂತು ಹೇಳಿದರು.

ಹುಡುಗನು ಹೆಮ್ಮಿಗೆ ಸೇರುವ ಹೊತ್ತಿಗೆ ಸಂಜೆಯಾಗಿದ್ದಿತು. ಬಸ್ಸಿನಲ್ಲಿಯೇ ಸುದ್ದಿ ಹಬ್ಬಿ, ತಾಯಿಗೆ ಅವನಿಗಿಂತ ಮುಂಚೆ ಮುಟ್ಟಿತ್ತು. “ನಿಮ್ಮ ಹುಡುಗನದೇ ಸರಿಯಂತೆ” ಎಂದು ನಾಲ್ಕು ಮನೆಯವರು ಹೇಳಿದ್ದರು. ಆಕೆ ಪಾಯಸಕ್ಕೆ ಬೆಲ್ಲ ಕುಟ್ಟುತ್ತಿದ್ದಳು. ಕೈಕಾಲು ತೊಳೆದು ವಿಭೂತಿ ಧರಿಸಿ ನಿತ್ಯದಂತೆ ಪೂಜೆಗೆ ಕುಳಿತನು. ಕರಸ್ಥಲದ ಇಷ್ಟಲಿಂಗದಲ್ಲಿ ದೃಷ್ಟಿ ನಿಲ್ಲಲಿಲ್ಲ. ಮತ್ತೆ ಮತ್ತೆ ನಿಲ್ಲಿಸಲು ನೋಡಿದನು. ಎರಡನೆಯ ಸಾಲಿನ ಆ ತಿರುವಿದ ಅಂಕೆಯೇ ಕಣ್ಣಿಗೆ ಕಟ್ಟುತ್ತಿತ್ತು. ಮರದ ಕೆಳಗೆ ಎಲ್ಲರೊಡನೆ ಹೊಂದಿದ ಉತ್ತರ ಇಲ್ಲಿ ಹೊಂದಲಿಲ್ಲ. ಪೂಜೆಯನ್ನು ಹೇಗೋ ಮುಗಿಸಿ ಎದ್ದನು. ಪಾಯಸ ಇಳಿಯಲಿಲ್ಲ. “ಬಿಸಿಲಿಗೆ ತಲೆನೋವು ಬಂದಿರಬೇಕು” ಎಂದು ತಾಯಿ ಹಣೆ ಮುಟ್ಟಿ ನೋಡಿದಳು.

ರಾತ್ರಿ ಎಲ್ಲರೂ ಮಲಗಿದ ಮೇಲೆ ಹೊಸ ಹಾಳೆಯೊಂದನ್ನು ತೆಗೆದು ಆ ಲೆಕ್ಕವನ್ನು ಮೊದಲಿನಿಂದ ಮಾಡಹೊರಟನು. ಸೂತ್ರದವರೆಗೆ ಬಂದು ನಿಂತಿತು. ಎರಡನೆಯ ಸಲವೂ ಅಲ್ಲಿಯೇ ನಿಂತಿತು. ಪರರ ಹಾಳೆಯಿಂದ ಉತ್ತರವನ್ನು ತರಬಹುದು, ಅದರ ಹಿಂದಿನ ದಾರಿಯನ್ನು ತರಲಾಗಲಿಲ್ಲವೆಂಬುದು ಆ ದೀಪದ ಮುಂದೆ ಅವನಿಗೆ ತಿಳಿಯಿತು.

ಮರುದಿನ ಬೆಳಗ್ಗೆ ಹುಡುಗಿಯ ಮನೆಯ ಜಗಲಿಯ ಬಳಿ ಹೋಗಿ ನಿಂತನು. ಅವಳ ತಾಯಿ ಹೊಸಲಿಗೆ ನೀರು ಹಾಕುತ್ತಿದ್ದವಳು, “ಬಾಪ್ಪ ಒಳಗೆ” ಎಂದಳು. ಅವನು ಒಳಗೆ ಹೋಗಲಿಲ್ಲ. ಹುಡುಗಿ ಹೊರಗೆ ಬಂದಾಗ ಕೈಯಲ್ಲಿದ್ದ ಹಾಳೆಯನ್ನು ಮಡಿಸುತ್ತ, “ನಿನ್ನೆಯ ಆ ಲೆಕ್ಕ ನನ್ನದಲ್ಲ. ನಿನ್ನ ಹಾಳೆ ನೋಡಿ ಬರೆದೆ. ಆ 24.57 ಕೂಡ ಹಾಗೆಯೇ ಬರೆದಿದ್ದೇನೆ” ಎಂದನು.

ಆಕೆ ತಕ್ಷಣ ಏನನ್ನೂ ಹೇಳಲಿಲ್ಲ. ಕೋಪ ಬಂದಿತ್ತು, ಅದು ಮುಖದಲ್ಲಿಯೇ ಕಾಣುತ್ತಿತ್ತು. ಇಬ್ಬರ ಹಾಳೆಯಲ್ಲಿಯೂ ಒಂದೇ ತಪ್ಪನ್ನು ಕಂಡರೆ ಮೌಲ್ಯಮಾಪಕರು ಯಾರನ್ನು ಕಳ್ಳರೆನ್ನಬಹುದೆಂಬ ಭಯವೂ ಆ ಕ್ಷಣದಲ್ಲಿ ಹೊಳೆದಿರಬೇಕು. ನಿನ್ನೆ ಒಬ್ಬಳೇ ನಿಂತಿದ್ದಾಗ ಇವನು ಬಾಯಿ ಬಿಡಲಿಲ್ಲವೆಂಬುದನ್ನೂ ಮರೆತಿರಲಿಲ್ಲ.

“ಅಪ್ಪನಿಗೆ ಹೇಳಿದೆಯಾ?” ಎಂದು ಕೇಳಿದಳು.

“ಇಲ್ಲ. ಇನ್ನು ಹೋಗಿ ಹೇಳಬೇಕು.”

ತಾಯಿ ಬಿಂದಿಗೆಯನ್ನು ಕೆಳಗಿಟ್ಟು ಇಬ್ಬರನ್ನೂ ನೋಡಿದಳು. ಹುಡುಗಿ ಅವನ ಕೈಯಿಂದ ಹಾಳೆಯನ್ನು ಇಸಿದುಕೊಂಡು ಬಿಚ್ಚಿದಳು. ಎರಡು ಸಲ ಬರೆದು ಎರಡು ಸಲವೂ ಒಂದೇ ಕಡೆ ನಿಂತ ಲೆಕ್ಕ ಅದರಲ್ಲಿತ್ತು.

“ಇಲ್ಲಿ ವರ್ಗಮೂಲ ಏಕೆಂದು ಗೊತ್ತಾಯಿತೆ?”

“ಗೊತ್ತಾಗಲಿಲ್ಲ” ಎಂದನು.

ಆಕೆ ಜಗಲಿಯ ಮೇಲೆ ಕುಳಿತು ಪೆನ್ಸಿಲಿಗಾಗಿ ತಮ್ಮನನ್ನು ಕೂಗಿದಳು.